ವಾರ್ನಿಷಿನೊಳಗಿನ ಕೆಂಪು ಕೂದಲು

ಒಡ್ವಾರನಿಗೆ ಆ ಶನಿವಾರ ಬಂದ ಪಾಡಿಗೆಲ್ಲ ಕಾರಣ ಒಂದೇ ಒಂದು ಕೂದಲು. ಅದೂ ಅವನ ಕೂದಲಲ್ಲ. ಅವನ ತಲೆಯಿಂದ ಕೂದಲೆಂಬುದು ಗಂಟುಮೂಟೆ ಕಟ್ಟಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಈ ಕೂದಲು ಇದ್ದದ್ದು ಅವನು ಹೆಂಡತಿಗೆಂದು ಗುಟ್ಟಾಗಿ ಮಾಡಿ ಮುಗಿಸಿದ್ದ, ಹಿಮದ ಮೇಲೆ ಜಾರುವ ಸ್ಕೀ ಜೋಡಿಯ ಎಡಗಾಲಿನ ಹಲಗೆಯ ಮೇಲೆ, ಗಾಜಿನಂತೆ ಹೊಳೆಯುತ್ತಿದ್ದ ವಾರ್ನಿಷಿನ ಒಳಗೆ. ಗೇಣಿಗಿಂತ ಉದ್ದ, ಸ್ವಲ್ಪ ಗುಂಗುರು. ಬಣ್ಣ ಕೆಂಪು.

ಒಡ್ವಾರ ಊರಿನ ಹೊಗೆಗೂಡುಗಳನ್ನು ಗುಡಿಸುವವನು. ಪುರಸಭೆಯ ಕೆಲಸ. ಟೆಲೆಮಾರ್ಕ್ ಎಂಬ ಚಳಿಸೀಮೆಯ ಆ ಕಣಿವೆಯಲ್ಲಿ ಸೌದೆ ಒಲೆ ಇಲ್ಲದ ಮನೆಯಿಲ್ಲ, ಅವನು ಹತ್ತದ ಸೂರೂ ಇಲ್ಲ. ವಾರವಿಡೀ ಮಸಿಯಲ್ಲಿ ಮುಳುಗಿ ಏಳುವ ಈ ಮನುಷ್ಯ ಮನೆಗೆ ಬಂದು ಮಿಂದು ನೆಲಮಾಳಿಗೆಯ ತನ್ನ ಕೆಲಸದ ಕೋಣೆಗಿಳಿದರೆ ಮಾತ್ರ ಮಹಾ ಮಡಿವಂತನಾಗಿಬಿಡುತ್ತಿದ್ದ. ಅಲ್ಲಿ ಒಂದು ಕಣ ದೂಳು ಬಿದ್ದರೂ ಮೈಲಿಗೆ.

ಅವನ ಕಾಳಜಿಗೂ ಕಾರಣವಿತ್ತು. ಸ್ಕೀ ಮಾಡುವುದು ಅಷ್ಟು ಕಷ್ಟವಲ್ಲ, ಅದರ ಮೈಮೇಲಿನ ಮರವನ್ನು ಕಾಪಾಡುವುದೇ ಕಷ್ಟ. ಒಳಗೆ ಗಟ್ಟಿ ಮರದ ತಿರುಳು, ಅದರ ಮೇಲೆ ಗಾಜಿನ ನಾರಿನ ಬಟ್ಟೆ, ಎಲ್ಲಕ್ಕಿಂತ ಮೇಲೆ ಬರ್ಚ್ ಮರದ ಉಗುರಿನಷ್ಟು ತೆಳ್ಳನೆ ಪದರ. ಆ ಪದರದಲ್ಲಿ ಗಾಳಿ ಬೀಸಿದ ಕೆರೆಯ ನೀರಿನಂತೆ ಅಲೆಯಲೆಯಾದ ಗೆರೆಗಳು. ಇಂಥದ್ದನ್ನು ಬರಿಮೈಯಲ್ಲಿ ಹಿಮಕ್ಕೆ ಬಿಡಲಾಗುತ್ತದೆಯೇ? ಅಂಚಿನಿಂದ ಒಂದು ಹನಿ ನೀರು ಒಳಗಿಳಿದು ಹೆಪ್ಪುಗಟ್ಟಿದರೆ ಸಾಕು, ಎಣ್ಣೆಗೆ ಬಿಟ್ಟ ಹಪ್ಪಳದಂತೆ ಪದರ ಉಬ್ಬಿ ಏಳುತ್ತದೆ. ಆದ್ದರಿಂದ ಒಡ್ವಾರ ಮೊದಲು ತೆಳುವಾದ ರಾಳ ಬಳಿದು ಅಂಚುಗಳನ್ನೆಲ್ಲ ಮುಚ್ಚಿದ. ಒಣಗಿದ ಮೇಲೆ ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿದ. ಆಮೇಲೆ ದೋಣಿಗೆ ಬಳಿಯುವ ವಾರ್ನಿಷ್, ಮತ್ತೆ ಉಜ್ಜುವುದು, ಮತ್ತೆ ವಾರ್ನಿಷ್. ಸುತ್ತ ಸೊಳ್ಳೆಪರದೆಯಂತೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದ. ದೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದ. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಕೊನೆಯ ಸಲ ಬಳಿಯುವಾಗ ಅಂಗಿಯ ನೂಲು ಉದುರೀತೆಂದು ಅಂಗಿ ಕಳಚಿದ, ಬನಿಯನ್ನಿನ ಮೇಲೂ ನಂಬಿಕೆ ಸಾಲದೆ ಅದನ್ನೂ ಕಳಚಿದ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಬರೀ ಚಡ್ಡಿಯಲ್ಲಿ ನಡುಗುತ್ತ ನಿಂತ ಒಡ್ವಾರ. ಮುಗಿಸಿ ಬೀಗ ಹಾಕಿದವನು ಶನಿವಾರ ಬೆಳಗಿನವರೆಗೂ ಆ ಬಾಗಿಲ ಕಡೆ ಉಸಿರು ಸಹ ಬಿಡಲಿಲ್ಲ.

ಶನಿವಾರ ಅವರ ಮದುವೆಯ ಬೆಳ್ಳಿಹಬ್ಬ. ಸಂಜೆ ನೆರೆಹೊರೆಯವರಿಗೆ ಕಾಫಿ, ಕೇಕು. ಎಲ್ಲರೆದುರು ಹೆಂಡತಿ ಸಿಗ್ನೆಯ ಕೈಗೆ ಸ್ಕೀ ಕೊಡಬೇಕೆಂಬುದು ಅವನ ಆಸೆ. ಅಲ್ಲಿಯವರೆಗೆ ನೆಲಮಾಳಿಗೆಗೆ ಕಾಲಿಡುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡಿದ್ದ. ಅವಳೂ ಮಾತು ಕೊಟ್ಟಿದ್ದಳು, ಒಂದು ಪ್ರಶ್ನೆಯನ್ನೂ ಕೇಳದೆ.

ಈಗ ನೋಡಿದರೆ ಈ ಕೂದಲು. ಬಿಳಿಯ ಬರ್ಚ್ ಮೇಲೆ ಅದು ಪರೀಕ್ಷೆಯ ಉತ್ತರದ ಕೆಳಗೆ ಮೇಷ್ಟ್ರು ಎಳೆದ ಕೆಂಪು ಗೆರೆಯ ಹಾಗೆ ಕಾಣುತ್ತಿತ್ತು. ಒಡ್ವಾರ ಉಗುರಿನಿಂದ ಕೆರೆದ. ವಾರ್ನಿಷ್ ಕಲ್ಲಿನಂತೆ ಗಟ್ಟಿಯಾಗಿತ್ತು. ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವನ ಬುದ್ಧಿ ಅವನನ್ನು ಪಕ್ಕದ ಮನೆಯ ಗೌಟೆಯ ಬಳಿಗೆ ಕರೆದೊಯ್ದಿತು.

ಗೌಟೆ ನಿವೃತ್ತ ಬಸ್ ಚಾಲಕ. ಬಸ್ಸು ಬಿಟ್ಟಿದ್ದರೂ ಸ್ಟೀರಿಂಗ್ ಬಿಟ್ಟಿರಲಿಲ್ಲ. ಈಗ ನೆರೆಹೊರೆಯವರ ಬದುಕನ್ನು ಅತ್ತ ಇತ್ತ ತಿರುಗಿಸುತ್ತಿದ್ದ. ಅವನು ಒಡ್ವಾರನ ಜೊತೆ ನೆಲಮಾಳಿಗೆಗೆ ಬಂದು, ಭೂತಗನ್ನಡಿ ಹಿಡಿದು ಸ್ಕೀ ಮೇಲೆ ಬಗ್ಗಿ ನೋಡಿ, ಇದು ಬ್ರಷ್ಷಿನದು, ಕುದುರೆ ಬಾಲದ ಕೂದಲು ಎಂದು ತೀರ್ಪು ಕೊಟ್ಟ. ತನ್ನದು ಸ್ಪಂಜಿನ ಬ್ರಷ್ಷು, ಅದರಲ್ಲಿ ಕೂದಲೇ ಇಲ್ಲ ಎಂದು ಒಡ್ವಾರ ಹೇಳಿದ್ದನ್ನು ಗೌಟೆ ಕಿವಿಗೇ ಹಾಕಿಕೊಳ್ಳಲಿಲ್ಲ. ಸೂಜಿಯೊಂದನ್ನು ಒಲೆಯಲ್ಲಿ ಕಾಯಿಸಿ ತಂದು, ಒಡ್ವಾರ ತಡೆಯುವಷ್ಟರಲ್ಲಿ ಕೂದಲ ಒಂದು ತುದಿಯನ್ನು ಮೀಟಿದ. ಅರ್ಧ ಕೂದಲು ಎದ್ದು ಬಂದು ತುಂಡಾಯಿತು. ಸೂಜಿ ಜಾರಿ ಹಲಗೆಯ ಉದ್ದಕ್ಕೂ ಬಿಳಿ ಗೀರೊಂದನ್ನು ಎಳೆಯಿತು.

ಒಡ್ವಾರ ಆ ಗೀರನ್ನೇ ನೋಡುತ್ತ ನಿಂತುಬಿಟ್ಟ. ಗೌಟೆ ಮಾತ್ರ ತುಂಡು ಕೂದಲನ್ನು ಬೆಳಕಿಗೆ ಹಿಡಿದು ಯೋಚಿಸುತ್ತಿದ್ದ.

"ಕುದುರೇದಲ್ಲ ಅನ್ಸುತ್ತೆ ಕಣಪ್ಪ," ಎಂದ. "ಇರು, ನಮ್ಮ ಓಸ್ತಾಗೆ ತೋರಿಸ್ಕೊಂಡು ಬರ್ತೀನಿ. ಕೂದಲ ವಿಷಯದಲ್ಲಿ ಅವಳನ್ನ ಬಿಟ್ರೆ ಯಾರೂ ಇಲ್ಲ."

ಓಸ್ತಾ ಗೌಟೆಯ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಪಾರ್ಲರ್ ಇಟ್ಟುಕೊಂಡಿದ್ದಳು. ಗೀರಿನ ದುಃಖದಲ್ಲಿ ಮುಳುಗಿದ್ದ ಒಡ್ವಾರನಿಗೆ ಒಂದು ಸಂಗತಿ ಹೊಳೆಯಲೇ ಇಲ್ಲ. ಸಂಜೆಯ ಹಬ್ಬಕ್ಕೆಂದು ತಲೆ ತೊಳೆಸಿಕೊಳ್ಳಲು ಸಿಗ್ನೆ ಆ ಹೊತ್ತಿಗೆ ಅದೇ ಪಾರ್ಲರಿನ ಕುರ್ಚಿಯಲ್ಲಿ ಕೂತಿದ್ದಳು.

ಅಲ್ಲಿ ನಡೆದದ್ದು ಅವನಿಗೆ ಆಮೇಲೆ ತಿಳಿಯಿತು. ಗೌಟೆ ಒಳಗೆ ಹೋಗಿ, ಇದೇನು ನೋಡು ಎಂದು ಕೂದಲನ್ನು ಹೆಂಡತಿಯ ಅಂಗೈಗೆ ಹಾಕಿದ್ದಾನೆ. ಓಸ್ತಾ ಅದನ್ನು ಬೆರಳುಗಳ ನಡುವೆ ಹೊಸೆದು, ಇದು ಹೆಂಗಸಿನ ಕೂದಲು, ವಯಸ್ಸು ಚಿಕ್ಕದು, ಚೆನ್ನಾಗಿ ಆರೈಕೆ ಮಾಡಿಕೊಂಡ ಕೂದಲು ಎಂದು ಜಾತಕ ಬರೆದವಳಂತೆ ಹೇಳಿದ್ದಾಳೆ. ಆಮೇಲೆ, ಇದು ಎಲ್ಲಿ ಸಿಕ್ಕಿತು ಎಂದು ಕೇಳಿದ್ದಾಳೆ. ಗೌಟೆ ಜೀವನದಲ್ಲಿ ಸುಳ್ಳು ಹೇಳಿದವನಲ್ಲ. ಆ ಒಂದು ದಿನವಾದರೂ ಹೇಳಬಹುದಿತ್ತು.

ಸಿಗ್ನೆ ಬಂದ ರೀತಿಯನ್ನು ಒಡ್ವಾರ ಸಾಯುವವರೆಗೂ ಮರೆಯುವುದಿಲ್ಲ. ಕೊರಳಿಗೆ ಪಾರ್ಲರಿನ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು. ಒದ್ದೆ ತಲೆಯಲ್ಲೇ ಅಂಗಳ ದಾಟಿದ್ದರಿಂದ ಕೂದಲೆಲ್ಲ ಹೆಪ್ಪುಗಟ್ಟಿ ಪೊರಕೆ ಕಡ್ಡಿಗಳ ಹಾಗೆ ನೆಟ್ಟಗೆ ನಿಂತಿತ್ತು. ಹಿಂದೆ ಕತ್ತರಿ ಹಿಡಿದ ಓಸ್ತಾ. ಅವಳ ಹಿಂದೆ, ತಾನು ಮಾಡಿದ ತಪ್ಪೇನೆಂದು ಇನ್ನೂ ಯೋಚಿಸುತ್ತಿದ್ದ ಗೌಟೆ.

ಸಿಗ್ನೆ ಪ್ಲಾಸ್ಟಿಕ್ ಪರದೆಯನ್ನು ಸರಿಸಿ ಸ್ಕೀ ನೋಡಿದಳು. ಎಷ್ಟೋ ತಿಂಗಳು ಒಡ್ವಾರ ಆ ಕ್ಷಣವನ್ನು ಬೇರೆ ರೀತಿಯಲ್ಲಿ ಕಲ್ಪಿಸಿಕೊಂಡಿದ್ದ.

"ಯಾರದಿದು?"

"ಸ್ಕೀನಾ? ನಿಂದೇ. ನಿನಗೋಸ್ಕರ ಮಾಡಿದ್ದು."

"ಕೂದಲು ಕೇಳಿದ್ದು ನಾನು."

"ಅದೇ ನನಗೂ ಗೊತ್ತಾಗ್ತಿಲ್ಲ ಸಿಗ್ನೆ."

"ನಿನ್ನ ಕೋಣೆ, ನಿನ್ನ ಬೀಗ. ಕಟ್ಕೊಂಡ ನನ್ನನ್ನೇ ಒಳಗೆ ಬಿಡಲಿಲ್ಲ. ನನಗೆ ಅಂತ ಮಾಡಿದ್ದರಲ್ಲಿ ಅವಳ ಕೂದಲು ಯಾಕಪ್ಪ ಇಟ್ಟೆ?"

ಗುರುವಾರ ಬೆಳಿಗ್ಗೆ ತಾನು ಚಡ್ಡಿಯಲ್ಲಿದ್ದೆ, ದೂಳು ಬರುವ ಸಂಭವವೇ ಇರಲಿಲ್ಲ ಎಂದು ಒಡ್ವಾರ ವಿವರಿಸಲು ಹೊರಟ. ಚಡ್ಡಿ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಓಸ್ತಾ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

ಊರಿನಲ್ಲಿ ಕೆಂಪು ತಲೆಯ ಹೆಂಗಸು ಒಬ್ಬಳೇ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಯಾರೂ ಹೆಸರೆತ್ತಲಿಲ್ಲ, ಏಕೆಂದರೆ ಅವರು ಇಗರ್ಜಿಯ ಪಾದ್ರಿ. ಫ್ರಿದಾ ಪಾದ್ರಮ್ಮ. ಕೊನೆಗೆ ಓಸ್ತಾಳೇ, ಗುರುವಾರ ಪಾದ್ರಮ್ಮನ ಮನೆಯ ಮುಂದೆ ಏಣಿ ಹೊತ್ತ ಕಾರು ಬೆಳಗಿನಿಂದ ಊಟದ ಹೊತ್ತಿನವರೆಗೂ ನಿಂತಿತ್ತು ಎಂದು ಗೋಡೆಗೆ ಹೇಳುವವಳಂತೆ ಹೇಳಿದಳು. ಹೊಗೆಗೂಡಿನಲ್ಲಿ ಕಾಗೆ ಗೂಡು ಕಟ್ಟಿತ್ತು, ಬುಟ್ಟಿಗಟ್ಟಲೆ ಕಡ್ಡಿ ತೆಗೆಯಬೇಕಾಯಿತು ಎಂದು ಒಡ್ವಾರ ಬೇಡಿಕೊಂಡ. ಇಷ್ಟು ವರ್ಷ ಇಲ್ಲದ ಕಾಗೆ ಈಗೆಲ್ಲಿಂದ ಬಂತು ಎಂದು ಸಿಗ್ನೆ ಕೇಳಿದಳು.

ಉಳಿದರ್ಧ ಕೂದಲು ಬೇರಿನ ಸಮೇತ ಸಿಕ್ಕರೆ ಯಾರದೆಂದು ಖಚಿತವಾಗಿ ಹೇಳಬಲ್ಲೆ ಎಂದಳು ಓಸ್ತಾ. ತೆಗೆ ಎಂದಳು ಸಿಗ್ನೆ. ಅವಸರ ಮಾಡಿದರೆ ಮರ ಕೆಡುತ್ತದೆ, ಬಹಳ ನಿಧಾನವಾಗಿ ಉಜ್ಜಬೇಕು ಎಂದು ಒಡ್ವಾರ ಅಂಗಲಾಚಿದ. ಹಾಗಾದರೆ ಸಂಜೆ ಬಂದವರಿಗೆಲ್ಲ ನೀನೊಬ್ಬನೇ ಕಾಫಿ ಕೊಡು, ನಾನು ಅಕ್ಕನ ಮನೆಗೆ ಹೊರಟೆ ಎಂದಳು ಸಿಗ್ನೆ.

ಒಡ್ವಾರ ಉಪ್ಪುಕಾಗದ ಕೈಗೆತ್ತಿಕೊಂಡ. ನೀರು ಚಿಮುಕಿಸಿ ಉಜ್ಜತೊಡಗಿದ. ಮೊದಲು ಹೊಳಪು ಹೋಗಿ ಮಂಜು ಕವಿದಂತಾಯಿತು. ಹಿಂದಿನಿಂದ ಗೌಟೆ ಬಗ್ಗಿ ನೋಡುತ್ತ, ಇಕ್ಕಟ್ಟಿನಲ್ಲಿ ಬಸ್ಸು ಹಿಂದಕ್ಕೆ ತೆಗೆಸುವವನಂತೆ ಕೈಯಾಡಿಸುತ್ತಿದ್ದ.

"ಬರ್ಲಿ, ಬರ್ಲಿ. ಇನ್ನೂ ಜಾಗ ಇದೆ. ಬರ್ಲಿ. ಸ್ವಲ್ಪ ಎಡಕ್ಕೆ. ಬರ್ಲಿ, ಬರ್ಲಿ..."

ಕೂದಲ ತುದಿ ಮೇಲೆದ್ದಿತು. ಓಸ್ತಾ ಚಿಮಟದಿಂದ ಹಿಡಿದು ನಾಜೂಕಾಗಿ ಎಳೆದಳು. ಬೇರಿನ ಸಮೇತ ಬಂತು. ಎಲ್ಲರೂ ಅದನ್ನು ನೋಡಲು ಕಿಟಕಿಯ ಬೆಳಕಿಗೆ ಧಾವಿಸಿದರು. ಒಡ್ವಾರ ಒಬ್ಬನೇ ಕೆಳಗೆ ನೋಡಿದ.

ಅಂಗೈಯಗಲ ಜಾಗದಲ್ಲಿ ಬರ್ಚ್ ಇರಲೇ ಇಲ್ಲ. ಆ ತೆಳ್ಳನೆ ಪದರ ಸವೆದು ಹೋಗಿ, ಅಡಿಯ ಗಾಜಿನ ಬಟ್ಟೆ ಹರಿದ ಗೋಣಿಚೀಲದ ಹಾಗೆ ಇಣುಕುತ್ತಿತ್ತು. ಅಲೆಯಲೆಯಾದ ಗೆರೆಗಳ ನಡುವೆ ಬೂದು ಬಣ್ಣದ ಹೊಂಡ. ಒಡ್ವಾರನಿಗೆ ಅಳಲೂ ಆಗಲಿಲ್ಲ. ಅವನು ಉಪ್ಪುಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ, ಯಾಕೆಂದು ಅವನಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೇಲೆ ಬಾಗಿಲು ತಟ್ಟಿದ ಸದ್ದು. ಬಂದದ್ದು ಫ್ರಿದಾ ಪಾದ್ರಮ್ಮನೇ. ಸಂಜೆಯ ಹಬ್ಬಕ್ಕೆಂದು ಬಾದಾಮಿ ಉಂಗುರಗಳನ್ನು ಒಂದರ ಮೇಲೊಂದು ಗೋಪುರದಂತೆ ಪೇರಿಸಿದ ಕೇಕನ್ನು ಮೊದಲೇ ತಲುಪಿಸಿ ಹೋಗೋಣವೆಂದು ಬಂದಿದ್ದರು. ನೆಲಮಾಳಿಗೆಯಲ್ಲಿ ದನಿ ಕೇಳಿ ಕೇಕಿನ ಸಮೇತ ಇಳಿದು ಬಂದರು. ನಗುತ್ತ ಬಂದವರು ನಾಲ್ಕು ಮುಖಗಳನ್ನು ನೋಡಿ ನಗು ನಿಲ್ಲಿಸಿದರು.

ಸಿಗ್ನೆಗೆ ಸುತ್ತಿ ಬಳಸಿ ಮಾತಾಡಲು ಬರುತ್ತಿರಲಿಲ್ಲ. ಕೂದಲನ್ನು ಪಾದ್ರಮ್ಮನ ಮುಂದೆ ಹಿಡಿದು, ಇದು ನಿಮ್ಮದೇ ಎಂದು ನೇರವಾಗಿ ಕೇಳಿದಳು. ಎಲ್ಲಿ ಸಿಕ್ಕಿತು, ಯಾವಾಗ ಬಿದ್ದಿರಬೇಕು, ಗುರುವಾರ ಕಾರು ಎಲ್ಲಿತ್ತು, ಒಡ್ವಾರ ಏನು ತೊಟ್ಟಿದ್ದ, ಎಲ್ಲವನ್ನೂ ಹೇಳಿದಳು. ಬಾದಾಮಿ ಗೋಪುರ ಪಾದ್ರಮ್ಮನ ಕೈಯಲ್ಲಿ ಒಂದು ಕಡೆಗೆ ವಾಲಿತು. ಗೌಟೆ ಅದನ್ನು ಬೇಗ ಇಸಿದುಕೊಂಡ.

ಫ್ರಿದಾರ ಕೆನ್ನೆಗಳು ಕೂದಲಷ್ಟೇ ಕೆಂಪಾದವು. ಆಮೇಲೆ ಓಸ್ತಾಳ ಕಡೆ ತಿರುಗಿದರು. ಓಸ್ತಾ ತನ್ನ ಚಪ್ಪಲಿ ನೋಡುತ್ತಿದ್ದಳು.

"ನೀನೇ ಹೇಳಿಬಿಡು ಓಸ್ತಾ."

ಓಸ್ತಾ ಗಂಟಲು ಸರಿಮಾಡಿಕೊಂಡಳು. "ಪಾದ್ರಮ್ಮಂದಲ್ಲ ಇದು, ಬೇರಿನವರೆಗೂ ಕೆಂಪು. ಅವರದ್ದು... ಅವರ ಬಣ್ಣ ನನ್ನ ಅಂಗಡಿ ಡಬ್ಬಿಯಿಂದ ಬರೋದು. ಒಳಗಿನದು ಇಲಿ ಬಣ್ಣ."

ಏಳು ವರ್ಷಗಳಿಂದ ಆ ಕೆಂಪು ತಲೆಯ ಕೆಳಗಿನಿಂದ ಬಂದ ಪ್ರತಿ ಉಪದೇಶವನ್ನೂ ಕೇಳಿದ್ದ ಗೌಟೆ ಕೇಕು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದ. ಪಾದ್ರಮ್ಮ ತಗ್ಗಿದ ದನಿಯಲ್ಲಿ, ಈ ಊರಿಗೆ ಬಂದ ಹೊಸದರಲ್ಲಿ ಹಿಂದಿನ ಬೆಂಚಿನವರೆಲ್ಲ ನಿದ್ದೆ ಹೋಗುತ್ತಿದ್ದರು, ಬಣ್ಣ ಹಾಕಿಸಿಕೊಂಡ ಮೇಲೆ ಎಚ್ಚರವಾಗಿರುತ್ತಾರೆ ಎಂದು ಒಪ್ಪಿಕೊಂಡರು. ಒಡ್ವಾರ ನಾಚಿಕೆಯಿಂದ ನೆಲಕ್ಕಿಳಿದು ಹೋದ. ಅವನ ಸ್ಕೀಯ ಒಂದು ಕೂದಲಿನ ದೆಸೆಯಿಂದ ಪಾದ್ರಮ್ಮನ ತಲೆಯೆಲ್ಲ ಬೀದಿಗೆ ಬಂದಿತ್ತು.

ಇಷ್ಟಾದ ಮೇಲೆ ತನ್ನ ಮೇಲಿನ ಸಂಶಯ ಕರಗಿತೆಂದು ಅವನು ಒಂದು ಗಳಿಗೆ ಅಂದುಕೊಂಡ. ಸಿಗ್ನೆಯ ಮುಖ ನೋಡಿದರೆ ಹಾಗಿರಲಿಲ್ಲ.

"ಹಾಗಾದ್ರೆ ಈ ಊರಿನವಳೂ ಅಲ್ಲ," ಎಂದಳು ಅವಳು ಮೆಲ್ಲಗೆ. ಕೂದಲಿನ ಹಿಮ ಕರಗಿ ಕೆನ್ನೆಯ ಮೇಲೆ ಹನಿಯುತ್ತಿತ್ತು. ಅದರಲ್ಲಿ ಕಣ್ಣೀರೆಷ್ಟು ನೀರೆಷ್ಟು ಎಂದು ತಿಳಿಯುವಂತಿರಲಿಲ್ಲ. "ಪಾದ್ರಮ್ಮ ಆಗಿದ್ರೆ ಹೇಗೋ ಕ್ಷಮಿಸಿಬಿಡ್ತಿದ್ದೆ, ದಿನಾ ನೋಡೋ ಮುಖ. ಎಲ್ಲಿಂದಲೋ ಬಂದವಳು."

ಅವಳು ಮೇಲೆ ಹೋಗಿ ಕಪಾಟಿನಿಂದ ಚೀಲ ಎಳೆದ ಸದ್ದು ಕೇಳಿಸಿತು. ಒಡ್ವಾರ ಅವಳ ಹಿಂದೆ ಓಡಿದ. ಅವನ ಹಿಂದೆ ಓಸ್ತಾ, ಗೌಟೆ, ಪಾದ್ರಮ್ಮ. ಎಲ್ಲರೂ ಒಂದೊಂದು ಸಮಾಧಾನ ಹೇಳುತ್ತ, ಎಲ್ಲ ಸಮಾಧಾನಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಅಂಗಳಕ್ಕೆ ಬಂದು ನಿಂತರು. ಸಿಗ್ನೆ ಕೊರಳಿಗೆ ಬಿಳಿ ಬಟ್ಟೆ, ಕೈಯಲ್ಲಿ ಚೀಲ ಹಿಡಿದು ಹಿಮದಲ್ಲಿ ನಾಲ್ಕು ಹೆಜ್ಜೆ ಹಾಕಿದ್ದಳು. ಆಗ ಹಿಂದೆ ಮರದ ಹಲಗೆಗಳನ್ನು ಹೇರಿದ ಗಾಡಿಯೊಂದನ್ನು ಕಟ್ಟಿಕೊಂಡು ಕಾರೊಂದು ಗೇಟಿನೊಳಗೆ ಬಂತು.

ಕಾರಿನಿಂದ ಒಬ್ಬ ಹುಡುಗಿ ಇಳಿದಳು. ಉಣ್ಣೆಯ ಟೋಪಿ ತೆಗೆದು ತಲೆ ಕೊಡವಿದಳು. ಸೊಂಟದವರೆಗೂ ಬಿತ್ತು ಜಡೆ. ಬೆಂಕಿಯಂಥ ಕೆಂಪು ಜಡೆ, ಅದರಿಂದ ತಪ್ಪಿಸಿಕೊಂಡ ಎಳೆಗಳು ಗಾಳಿಯಲ್ಲಿ ನಾಲ್ಕೂ ದಿಕ್ಕಿಗೆ ಹಾರುತ್ತಿದ್ದವು.

ಹುಡುಗಿ ಅಲ್ಲಿದ್ದವರನ್ನೆಲ್ಲ ನೋಡಿ, ಇದ್ದ ಇಬ್ಬರು ಗಂಡಸರಲ್ಲಿ ಬೋಳುತಲೆಯವನನ್ನು ಆರಿಸಿ ಮುಗುಳ್ನಕ್ಕಳು.

"ಒಡ್ವಾರ್ ಅಂದ್ರೆ ನೀವೇ ಅಲ್ವಾ? ನಿಮ್ಮ ನೆಲಮಾಳಿಗೆ ನನಗೆ ಬಹಳ ಹಿಡಿಸ್ತು."

ಸಿಗ್ನೆಯ ಕೈಯಿಂದ ಚೀಲ ಬಿತ್ತು. ಒಡ್ವಾರ ತಾನು ಈ ಹುಡುಗಿಯನ್ನು ಕಂಡಿದ್ದೇ ಇಲ್ಲವೆಂದು ಆಣೆಯಿಟ್ಟು ಹೇಳಲು ನೋಡಿದ. ಅಷ್ಟರಲ್ಲಿ ಹುಡುಗಿ ಹೆಂಗಸರ ಕಡೆ ತಿರುಗಿದಳು.

"ಮತ್ತೆ ಸಿಗ್ನೆ ಯಾರು?" ಎಂದಳು ಹುಡುಗಿ. ಎಲ್ಲರ ಕಣ್ಣು ಹೋದ ಕಡೆ ತಾನೇ ಹೋಗಿ ಕೈ ಚಾಚಿದಳು. "ನಾನು ತಿರಿಲ್. ಫೋನಿನಲ್ಲಿ ನಿಮ್ಮ ಹತ್ರ ಮಾತಾಡಿದ್ದು ನಮ್ಮಪ್ಪ. ಅವರಿಗೆ ಬೆನ್ನುನೋವು, ಅದಕ್ಕೆ ಗುರುವಾರ ಅಳತೆಗೆ ನಾನೇ ಬಂದಿದ್ದೆ. ನೆಲಮಾಳಿಗೆಯ ಇನ್ನೊಂದು ಕೀಲಿ ನೀವು ಹೇಳಿದ್ದ ಹಾಗೆ ಸೌದೆ ರಾಶಿ ಹಿಂದೇನೇ ಇತ್ತು. ಯಾವುದೋ ಪ್ಲಾಸ್ಟಿಕ್ ಪರದೆ ಕಟ್ಟಿದ್ರು, ಅದರೊಳಗೆ ತಲೆ ಹಾಕಿ ಗೋಡೆ ಅಳೀಬೇಕಾಯ್ತು. ಹಸಿ ಸ್ಕೀ ಇತ್ತು, ಮುಟ್ಟಲಿಲ್ಲ ನಾನು."

ಓಸ್ತಾ ಮುಂದೆ ಬಂದು, ಅನುಮತಿಯನ್ನೂ ಕೇಳದೆ ಆ ಜಡೆಯನ್ನು ಎತ್ತಿ ಹಿಡಿದು ನೋಡಿ, ಇದೇ ಎಂದು ಎಲ್ಲರಿಗೂ ತಲೆಯಾಡಿಸಿದಳು.

ಸಿಗ್ನೆ ಒಡ್ವಾರನನ್ನು ನೋಡಿದಳು. ಒಡ್ವಾರನಿಗೆ ಮೊದಲು ಬಂದದ್ದು ಸಮಾಧಾನ. ಅದು ಬಿಸಿನೀರಿನಂತೆ ಮೈಯೆಲ್ಲ ಹರಿದು ಕಾಲಿನ ಬೆರಳನ್ನು ತಲುಪುವಷ್ಟರಲ್ಲಿ ಅವನಿಗೆ ಒಂದು ಪ್ರಶ್ನೆ ಹುಟ್ಟಿತು.

"ಅಳತೆ ಯಾತಕ್ಕೆ?"

"ಹಬೆಕೋಣೆಗೆ," ಎಂದಳು ತಿರಿಲ್.

ಸಿಗ್ನೆ ಆಗ ಎಲ್ಲವನ್ನೂ ಹೇಳಿದಳು. ಬೆಳ್ಳಿಹಬ್ಬಕ್ಕೆ ಅವಳೂ ಗುಟ್ಟಾಗಿ ಒಂದು ಯೋಚನೆ ಮಾಡಿದ್ದಳು. ನೆಲಮಾಳಿಗೆಯಲ್ಲಿ ಕೂತು ಬೆವರಿಳಿಸಲು ಒಂದು ಹಬೆಕೋಣೆ ಕಟ್ಟಿಸಿದರೆ ಮಸಿ ಬಳಿದುಕೊಂಡು ಬರುವ ಗಂಡನಿಗೂ ಒಳ್ಳೆಯದು, ಚಳಿಯಲ್ಲಿ ನಡು ಹಿಡಿದುಕೊಳ್ಳುವ ತನಗೂ ಒಳ್ಳೆಯದು. ಕಾಲಿಡುವುದಿಲ್ಲವೆಂದು ಅವನಿಗೆ ಕೊಟ್ಟ ಮಾತನ್ನು ಅವಳು ಮುರಿದಿರಲಿಲ್ಲ. ಬೇರೆಯವರು ಇಡಬಾರದೆಂದು ಅವನು ಹೇಳಿರಲಿಲ್ಲವಲ್ಲ? ಫೋನಿನಲ್ಲಿ ಕೇಳಿದ್ದು ಮುದುಕನೊಬ್ಬನ ದಪ್ಪ ದನಿ. ಅಳತೆಗೆ ಬಂದವನೂ ಅವನೇ ಎಂದುಕೊಂಡಿದ್ದಳು, ಕೆಂಪು ಜಡೆ ಬರುತ್ತದೆಂದು ಯಾರು ಕನಸು ಕಂಡಿದ್ದರು?

ಹೇಳುತ್ತ ಹೇಳುತ್ತ ಸಿಗ್ನೆ ಅತ್ತೇಬಿಟ್ಟಳು. ಒಡ್ವಾರನ ತೋಳು ಹಿಡಿದುಕೊಂಡು, ನಿನ್ನನ್ನು ಸಂಶಯಪಟ್ಟೆನಲ್ಲ, ಇನ್ನು ಈ ಜನ್ಮದಲ್ಲಿ ಪಡುವುದಿಲ್ಲ ಎಂದಳು. ಪಾದ್ರಮ್ಮನಿಗೂ ಕೈ ಮುಗಿಯುವಷ್ಟು ಬಗ್ಗಿ ಕ್ಷಮೆ ಕೇಳಿದಳು. ಪಾದ್ರಮ್ಮ ಕ್ಷಮಿಸಿದರು, ಅದು ಅವರ ಕೆಲಸ. ಹಬೆಕೋಣೆಯೆಂಬ ಮಾತು ಕೇಳಿದ ಗೌಟೆ, ತನ್ನ ಮಂಡಿಗೆ ಸೋಮವಾರ ಅನುಕೂಲ ಎಂದ. ಓಸ್ತಾಗೆ ಬುಧವಾರ ಸಾಕಂತೆ. ಪಾದ್ರಮ್ಮ ಸಂಕೋಚದಿಂದ ಶನಿವಾರ ಸಂಜೆ ಕೇಳಿದರು, ಭಾನುವಾರದ ಉಪದೇಶಕ್ಕೆ ಮೊದಲು ಬೆವರಿದರೆ ತಲೆ ತಿಳಿಯಾಗುತ್ತದಂತೆ.

ಒಡ್ವಾರ ನಿಂತೇ ಇದ್ದ. ನೆಲಮಾಳಿಗೆಯಲ್ಲಿ ಇರುವುದು ಒಂದೇ ಕೋಣೆ. ಹಲಗೆ ಅಂಟಿಸುವ ಅವನ ಒತ್ತುಯಂತ್ರ, ಅವನ ವಾರ್ನಿಷ್ ಡಬ್ಬಿಗಳು, ಗೋಡೆ ತುಂಬ ಅವನ ಹತಾರಗಳು. ಕೇಳದಿದ್ದರೆ ಒಳ್ಳೆಯದೆಂದು ಅವನಿಗೆ ಅನ್ನಿಸುತ್ತಿತ್ತು.

"ಸಿಗ್ನೆ," ಎಂದ, "ನನ್ನ ಕೆಲಸದ ಬೆಂಚನ್ನ ಎಲ್ಲಿಡೋದು?"

ಸಿಗ್ನೆ ಕಣ್ಣೊರೆಸಿಕೊಂಡು ನಕ್ಕಳು. ಆ ನಗುವಿನಲ್ಲಿ ಇಪ್ಪತ್ತೈದು ವರ್ಷದ ಪ್ರೀತಿಯಿತ್ತು.

"ಅದನ್ನ ಎಲ್ಲಿಗೂ ಒಯ್ಯೋದು ಬೇಡ. ಅದು ಅಲ್ಲೇ ಇರುತ್ತೆ."

"ಹೌದು," ಎಂದಳು ತಿರಿಲ್ ಹೆಮ್ಮೆಯಿಂದ. "ಎಂಥ ಮರ ಅದು, ಒಣಗಿ ಉಕ್ಕಾಗಿದೆ. ಮೇಲಿನ ಅಂಟು, ವಾರ್ನಿಷ್ ಎಲ್ಲ ಹೆರೆದುಹಾಕಿ ಉದ್ದಕ್ಕೆ ಎರಡು ಸೀಳು ಮಾಡಿದ್ರೆ ಕೂರೋ ಹಲಗೆ ಆಗೋಯ್ತು. ಮೇಲೊಂದು ಕೆಳಗೊಂದು. ಗುರುವಾರಾನೇ ಗುರುತು ಹಾಕಿಟ್ಟಿದ್ದೀನಿ."

ಅದಕ್ಕಾಗಿಯೇ ಎಂಬಂತೆ ಅವಳು ಗಾಡಿಯಿಂದ ಗರಗಸ ಇಳಿಸಿದಳು. ಗೌಟೆ ಸಹಾಯಕ್ಕೆ ಹೋದ. ಗಾಡಿಯ ಹಲಗೆಗಳನ್ನು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಹೊತ್ತು ನೆಲಮಾಳಿಗೆಗೆ ಸಾಗಿಸತೊಡಗಿದರು, ಹೊರಬರುವಾಗ ಒಡ್ವಾರನ ಡಬ್ಬಿ, ಹತಾರಗಳನ್ನು ತಂದು ಹಿಮದ ಮೇಲೆ ಜೋಡಿಸಿದರು. ಆಚೀಚೆ ಹೋಗುವಾಗ ಪ್ರತಿಯೊಬ್ಬರೂ ಸ್ಕೀಯ ಹೊಂಡ ನೋಡಿ, ಅಯ್ಯೋ ಇದೇನಾಯ್ತು ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದರು.

ಒಡ್ವಾರ ಮೆಟ್ಟಿಲಿಳಿದು ಹೋಗಿ ತನ್ನ ಬೆಂಚಿನ ಮೇಲೆ ಆಚೀಚೆ ಕಾಲು ಇಳಿಬಿಟ್ಟು ಕೂತ. ಉದ್ದಕ್ಕೂ ಸೀಸದ ಕಡ್ಡಿಯ ಗೆರೆ ಎಳೆದಿತ್ತು, ಅದು ಸರಿಯಾಗಿ ಅವನ ಎರಡು ತೊಡೆಗಳ ನಡುವೆ ಹಾದುಹೋಗಿತ್ತು. ಬಾಗಿಲು ತೆರೆದೇ ಇತ್ತು, ಹಿಮದ ಗಾಳಿ ನೇರವಾಗಿ ಒಳಗೆ ಬರುತ್ತಿತ್ತು. ಹಬೆಕೋಣೆಯ ಒಲೆ ಇನ್ನೂ ಬಂದೇ ಇರಲಿಲ್ಲ. ಆದರೂ ಒಡ್ವಾರನ ಬೋಳುತಲೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು.